ಒಂದೇ ಬೇಸಿಗೆಯಲ್ಲಿ ಇಡೀ ಮನೆ: ನನ್ನ ಅನುಭವ

ಕೊಡಗಿನ ಮಾದಾಪುರದಿಂದ ಒಳಗೆ ಮೂರು ಕಿಲೋಮೀಟರ್ ಬಂದರೆ ನಮ್ಮ ಮನೆ. ಅಜ್ಜ ಕಟ್ಟಿಸಿದ್ದು. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಮುಂದೆ ಜಗಲಿ, ಹಿಂದೆ ಬಚ್ಚಲು, ಒಟ್ಟು ಆರು ಕೋಣೆ. ಮಾಡು, ಅಂದರೆ ಛಾವಣಿ, ಅಳೆದರೆ ಎರಡೂವರೆ ಸಾವಿರ ಚದರಡಿ ಬರುತ್ತದೆ. ಈ ಮನೆಯನ್ನು ಜನವರಿ ಕೊನೆಯಲ್ಲಿ ಬಿಚ್ಚಿ, ಜೂನ್ ಮೊದಲ ವಾರದೊಳಗೆ ಪೂರ್ತಿ ಸರಿ ಮಾಡಿಸಿದೆ. ಹೀಗೆ ಮಾಡುತ್ತೇನೆ ಅಂದಾಗ ಒಬ್ಬರೂ ಒಪ್ಪಲಿಲ್ಲ. "ಇರೋ ಮಾಡು ಇಳಿಸಬೇಡ ಮಗ, ಒಂದೊಂದೇ ಕೋಣೆ ಮಾಡ್ಕೊ" ಅಂತ ದೊಡ್ಡಪ್ಪ ಮೂರು ಸಲ ಬಂದು ಹೇಳಿದರು. ಮೊದಲು ಮಾತಾಡಿಸಿದ ಇಬ್ಬರು ಮೇಸ್ತ್ರಿಗಳು ಆಗಲ್ಲ ಅಂತ ಹೊರಟೇ ಹೋದರು. ಈಗ ಎರಡು ಮಳೆಗಾಲ ಕಳೆದಿದೆ. ಮನೆಯೊಳಗೆ ಎಲ್ಲೂ ಬಕೆಟ್ ಇಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಡೀ ಮನೆ ಒಟ್ಟಿಗೆ ಮಾಡಿಸುವುದೇ ಒಳ್ಳೇದು ಅನ್ನುವ ಮಾತನ್ನು ಒಂದೊಂದೇ ಕೋಣೆ ಮಾಡಿ ನೋಡದೆ ಹೇಳುತ್ತಿಲ್ಲ. 2014ರಲ್ಲಿ ಅಡುಗೆಮನೆ ಮಾಡಿಸಿದೆ. 2016ರಲ್ಲಿ ಬಚ್ಚಲು, ಮರುವರ್ಷ ಮಲಗುವ ಕೋಣೆ. ಮೂರೂ ಸೇರಿ ಸುಮಾರು ಮೂರೂವರೆ ಲಕ್ಷ ಹೋಯಿತು. ಅಡುಗೆಮನೆಗೆ ಸಿಮೆಂಟ್ ಗಾರೆ ಹೊಡೆಸಿದ್ದೆ. ಮಣ್ಣಿನ ಗೋಡೆ ಮೇಲೆ ಸಿಮೆಂಟ್! ಗೋಡೆಯೊಳಗಿನ ತೇವಕ್ಕೆ ಹೊರಗೆ ಬರಲು ದಾರಿಯೇ ಇರಲಿಲ್ಲ. ಎರಡನೇ ಮಳೆಗಾಲದಲ್ಲಿ ಒಲೆ ಹಿಂದಿನ ಗಾರೆ ಹಪ್ಪಳದ ಹಾಗೆ ಉಬ್ಬಿತು, ಒಂದು ಸಂಜೆ ಚಾಪೆಯಷ್ಟು ಅಗಲಕ್ಕೆ ಕಳಚಿ ಬಿತ್ತು. ಬಚ್ಚಲಿಗೆ ಪೈಪ್ ಎಳೆಯುವಾಗ ಅಡುಗೆಮನೆಯ ಹೊಸ ಟೈಲ್ಸ್ ಒಡೆದರು. ಮಲಗುವ ಕೋಣೆಗೆ ವೈರಿಂಗ್ ಮಾಡುವಾಗ ಹಾಲ್ ಗೋಡೆ ಕೆತ್ತಿದರು. ಪ್ರತಿ ಕೋಣೆಯ ನೆಲವೂ ಹಳೆಯದಕ್ಕಿಂತ ಒಂದೂವರೆ, ಎರಡು ಇಂಚು ಏರಿತು. ಆ ಹೊಸ್ತಿಲು ಎಡವಿ ಅವ್ವ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆ ಬೇಜಾರು ನನಗೆ ಇನ್ನೂ ಹೋಗಿಲ್ಲ.

2018ರ ಆಗಸ್ಟ್ ಮಳೆ ಎಲ್ಲರಿಗೂ ಗೊತ್ತು. ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡವೇ ಜಾರಿತು. ದೇವರ ದಯೆ, ನಮ್ಮ ಜಾಗ ಉಳಿಯಿತು. ಆದರೆ ಮಾಡು ಎಲ್ಲ ಕಡೆ ಸೋರಿತು, ನಾಲ್ಕು ವರ್ಷ ದುಡ್ಡು ಸುರಿದ ಮೂರು ಕೋಣೆಯೂ ಒದ್ದೆಯಾಯಿತು. ಮೇಲೆ ಒಂದೇ ಮಾಡು, ಕೆಳಗೆ ಒಂದೇ ನೆಲ. ನಡುವೆ ನಾನು ಕೋಣೆ ಕೋಣೆ ಅಂತ ಲೆಕ್ಕ ಹಾಕುತ್ತಿದ್ದೆ. ಮಾಡು ಬಿಟ್ಟು ಗೋಡೆಗೆ ಕೈ ಹಾಕಿದ್ದೇ ದೊಡ್ಡ ತಪ್ಪು.

ಮರುವರ್ಷವೇ ಶುರು ಮಾಡುವ ಅಂದರೆ ಗಾರೆಯವರು ಸಿಗಲಿಲ್ಲ. ಜಂಬೂರು, ಕರ್ಣಂಗೇರಿ ಕಡೆ ಸಂತ್ರಸ್ತರ ಮನೆ ಕೆಲಸ ಜೋರಾಗಿತ್ತು. ಆಮೇಲೆ ಕೊರೊನಾ ಬಂತು. ಆ ಕಾಯುವಿಕೆ ಒಳ್ಳೇದೇ ಆಯಿತು ಅಂತ ಈಗ ಅನ್ನಿಸುತ್ತದೆ. ಮನೆಯನ್ನು ಸರಿಯಾಗಿ ನೋಡಲು ಟೈಮ್ ಸಿಕ್ಕಿತು.

ನೋಡುವುದು ಅಂದರೆ ಮಳೆಗಾಲದಲ್ಲೇ ನೋಡಬೇಕು. ಬೇಸಿಗೆಯಲ್ಲಿ ಎಸ್ಟಿಮೇಟ್ ಹಾಕಿಸಿದರೆ ಯಾವ ಮನೆಯಾದರೂ ಚೆನ್ನಾಗೇ ಕಾಣುತ್ತದೆ. ಜುಲೈಯಲ್ಲಿ ರಾತ್ರಿ ಟಾರ್ಚ್ ಹಿಡಿದು ಅಟ್ಟ ಹತ್ತಿದೆ. ಸೋರುವ ಕಡೆಯ ಪಕಾಸಿಗೆಲ್ಲ, ಅಂದರೆ ಮಾಡಿನ ಓರೆ ಮರಗಳಿಗೆಲ್ಲ, ಸೀಮೆಸುಣ್ಣದಲ್ಲಿ ನಂಬರ್ ಹಾಕಿದೆ. ಗೋಡೆಯಲ್ಲಿ ತೇವ ಎಷ್ಟು ಎತ್ತರಕ್ಕೆ ಏರಿದೆ ಅಂತ ಪೆನ್ಸಿಲ್ ಗೆರೆ ಎಳೆದೆ. ಎಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ಮೂರನೇ ಮೇಸ್ತ್ರಿ ಒಪ್ಪಿದ್ದು ಆ ನೋಟ್‌ಬುಕ್ ನೋಡಿಯೇ. "ಅಣ್ಣ, ಇಷ್ಟು ಬರೆದಿಟ್ಟೋರು ನನಗೆ ಯಾರೂ ಸಿಕ್ಕಿಲ್ಲ" ಅಂದ.

ಮರ ಒಂದು ವರ್ಷ ಮೊದಲೇ ಆಗಬೇಕು. ನಮ್ಮದೇ ತೋಟದ ಸಿಲ್ವರ್ ಓಕ್ ಎಂಟು ಮರ ಕಡಿಸಿ, ಕೊಯ್ಯಿಸಿ, ಗೋದಾಮಿನಲ್ಲಿ ಅಡ್ಡಡ್ಡ ಪಟ್ಟಿ ಕೊಟ್ಟು ಪೇರಿಸಿದೆ. ಮುಖ್ಯ ತೊಲೆಗಳು ಹಳೇ ಹೊನ್ನೆ, ಅವು ಕಲ್ಲಿನ ಹಾಗಿದ್ದವು, ಮುಟ್ಟಲಿಲ್ಲ. ಪಕಾಸಿ ಅರ್ಧಕ್ಕರ್ಧ ಹೋಗಿತ್ತು, ಹೆಂಚು ಕೂರುವ ಅಡ್ಡಪಟ್ಟಿ ರೀಪು ಪೂರ್ತಿ. ಸಿಲ್ವರ್ ಮಾಡಿಗೆ ಬಾಳಲ್ಲ ಅಂತ ಆಚಾರಿ ತಕರಾರು ತೆಗೆದ. ಗೇರು ಎಣ್ಣೆಗೆ ಇನ್ನೊಂದು ಸಾಮಾನು ಬೆರೆಸಿ ಎರಡು ಕೈ ಹೊಡೆಸಿದ್ದೇನೆ. ಆ ಇನ್ನೊಂದು ಏನು, ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ. ಇವತ್ತಿನವರೆಗೆ ಒಂದೇ ಒಂದು ತೂತು ಬಿದ್ದಿಲ್ಲ.

ಜನವರಿಯಲ್ಲಿ ಅರೇಬಿಕಾ ಕುಯ್ಲು ಮುಗಿದು ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) ಚೀಲಕ್ಕೆ ಹೋದ ಮೇಲೆ ಗೋದಾಮೂ ಖಾಲಿ, ಕಾಫಿ ಒಣಗಿಸುವ ಕಣವೂ ಖಾಲಿ. ಗೋದಾಮಿಗೆ ನಾವು ಹೋದೆವು. ಅವ್ವ, ಹೆಂಡತಿ, ಇಬ್ಬರು ಮಕ್ಕಳು, ನಾಲ್ಕು ತಿಂಗಳು ಅಲ್ಲೇ ವಾಸ. ಮೂಲೆಯಲ್ಲಿ ಗ್ಯಾಸ್ ಒಲೆ, ಹಿಂದೆ ತಗಡಿನ ಬಚ್ಚಲು. ಕಣಕ್ಕೆ ಹೆಂಚು ಹೋಯಿತು. ಮೂರು ಸಾವಿರದ ಏಳುನೂರರ ಹತ್ತಿರ ಹೆಂಚು, ಇಳಿಸಲು ಆರು ಜನಕ್ಕೆ ಮೂರು ದಿನ. ತೊಳೆದು, ಒಂದೊಂದನ್ನೂ ಬೆರಳಲ್ಲಿ ತಟ್ಟಿ ನೋಡಿದೆವು. ಗಟ್ಟಿ ಹೆಂಚು ಕಂಚಿನ ಹಾಗೆ ಟಣ್ ಅನ್ನುತ್ತದೆ. ಬಿರುಕು ಬಿಟ್ಟದ್ದು ಮಂಕಾಗಿ ಟಪ್ ಅನ್ನುತ್ತದೆ. ನಾನೂರಕ್ಕಿಂತ ಜಾಸ್ತಿ ಟಪ್ ಅಂದವು.

ಇಲ್ಲೊಂದು ನಷ್ಟ ಮಾಡಿಕೊಂಡೆ. ಹತ್ತಿರದಲ್ಲೇ ಒಂದು ಹಳೇ ಮನೆ ಕೆಡವುತ್ತಿದ್ದರು, ಹೊಸ ಹೆಂಚಿನ ಮೂರನೇ ಒಂದು ಭಾಗದ ಬೆಲೆಗೆ ಐನೂರು ಹೆಂಚು ಎತ್ತಿಕೊಂಡು ಬಂದೆ. ಮಾಡಿಗೆ ಏರಿಸಿದ ಮೇಲೆ ಗೊತ್ತಾಯಿತು, ಅವು ನಮ್ಮ ಹೆಂಚಿಗೆ ಕಚ್ಚುವುದಿಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಬೇರೆ ಎಷ್ಟೋ ಕಾರ್ಖಾನೆ ಬಂದವು, ಒಬ್ಬೊಬ್ಬರ ಅಚ್ಚು ಒಂದೊಂದು. ಕಾಲಿಂಚು ಹೆಚ್ಚುಕಮ್ಮಿ ಆದರೆ ಸಾಕು, ಸಂದಿ ಬಿಟ್ಟುಕೊಳ್ಳುತ್ತದೆ. ಹೆಂಚಿನ ಮೇಲಿನ ಗುರುತು ಓದಿಕೊಂಡು ಹೋಗಿ, ಎರಡು ಹೆಂಚು ಕೈಯಲ್ಲಿ ಹಿಡಿದುಕೊಂಡು ಹೋಗಿ. ಐನೂರರಲ್ಲಿ ಮುನ್ನೂರು ದನದ ಕೊಟ್ಟಿಗೆಗೆ ಹೋಯಿತು.

ಮಾಡು ಬಿಚ್ಚಿದಾಗ ಒಂದು ವಿಷಯ ಕಂಡಿತು, ಅದು ನನಗೆ ಇಡೀ ಕೆಲಸದಲ್ಲೇ ದೊಡ್ಡ ಪಾಠ. ಹಳೇ ಒಲೆಯ ನೆತ್ತಿ ಮೇಲಿದ್ದ ಏಳು ಪಕಾಸಿಗಳು ಕಪ್ಪು ಮಸಿ ಹಿಡಿದು ಹೊಳೆಯುತ್ತಿದ್ದವು. ಆಚಾರಿ ಉಳಿ ಇಟ್ಟು ಹೊಡೆದ, ಉಳಿ ಪುಟಿಯಿತು. ಒಳಗೆ ನಿನ್ನೆ ಕೊಯ್ದ ಮರದ ಹಾಗೆ ಕೆಂಪು. ಅದೇ ಮರದ್ದು, ಅದೇ ವರ್ಷ ಹಾಕಿದ ಪಕ್ಕದ ಕೋಣೆ ಪಕಾಸಿಯನ್ನು ನಾನು ಬೆರಳಲ್ಲಿ ಪುಡಿ ಮಾಡಿದೆ. ಎಪ್ಪತ್ತು ವರ್ಷ ಹೊಗೆ ಕುಡಿದ ಮರಕ್ಕೆ ಗೆದ್ದಲೂ ಇಲ್ಲ, ಕುಟ್ಟೆಯೂ ಇಲ್ಲ. ಗ್ಯಾಸ್ ಬಂದ ಮೇಲೆ ನಮ್ಮ ಮಾಡುಗಳು ಯಾಕೆ ಬೇಗ ಹಾಳಾಗುತ್ತಿವೆ ಅಂತ ಆಗ ಅರ್ಥವಾಯಿತು.

ಹಾಗಾದರೆ ಹೊಗೆ ಕೊಡುವ ಅಂತ ಬಚ್ಚಲ ಹಂಡೆ ಒಲೆಯ ಹೊಗೆಯನ್ನು ಆರಿಂಚಿನ ತಗಡಿನ ಕೊಳವೆಯಲ್ಲಿ ಅಟ್ಟಕ್ಕೆ ಬಿಟ್ಟು ನೋಡಿದೆ. ಒಂಬತ್ತು ಸಾವಿರ ಖರ್ಚು. ಹೊಗೆ ಅಟ್ಟ ತುಂಬಿ ಹಾಲ್‌ಗೆ ಇಳಿಯಿತು. ಬೀರುವಿನ ಬಟ್ಟೆಗೆಲ್ಲ ವಾಸನೆ, ಮಕ್ಕಳಿಗೆ ಕೆಮ್ಮು. ಹದಿನೈದು ದಿನಕ್ಕೆ ಕಿತ್ತೆ. ಈಗ ಕೊಳವೆ ಕೊಟ್ಟಿಗೆಯ ಮಾಡಿಗೆ ಹೋಗುತ್ತದೆ. ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ, ಹಸುಗಳಿಗೆ ಸೊಳ್ಳೆ ಕಾಟವೂ ಕಮ್ಮಿ.

ಮಾರ್ಚ್ ಎರಡನೇ ವಾರ. ಪಕಾಸಿ ಕೂತಿದೆ, ರೀಪು ಅರ್ಧ ಆಗಿದೆ, ಹೆಂಚು ಇನ್ನೂ ಕಣದಲ್ಲಿದೆ. ಮಧ್ಯಾಹ್ನ ಮೂರಕ್ಕೆ ಕೋಟೆಬೆಟ್ಟದ ಕಡೆ ಕಪ್ಪಾಯಿತು. ಹೂಮಳೆ! ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಬೆಳೆಗಾರನಾಗಿ ಎರಡು ವಾರದಿಂದ ಆಕಾಶ ನೋಡುತ್ತಾ ನಾನೇ ಕಾದಿದ್ದ ಮಳೆ. ಒಂದು ಕಡೆ ಸಂತೋಷ, ಇನ್ನೊಂದು ಕಡೆ ಕೈಕಾಲು ನಡುಕ. ಕಾಫಿಯ ನಾಲ್ಕು ಟಾರ್ಪಾಲ್ ಇದ್ದವು. ಎಲ್ಲರೂ ನೆಲಕ್ಕೆ, ಸಾಮಾನಿಗೆ ಹೊದಿಸಲು ಓಡಿದರು. ಮೇಸ್ತ್ರಿ ಮಾತ್ರ "ಗೋಡೆ ತಲೆ ಮುಚ್ರೋ, ಗೋಡೆ ತಲೆ!" ಅಂತ ಕೂಗಿದ. ಮಣ್ಣಿನ ಗೋಡೆಗೆ ಮೇಲಿಂದ ನೀರಿಳಿದರೆ ಕಥೆ ಮುಗಿಯಿತು. ಮೂರು ಟಾರ್ಪಾಲ್ ಗೋಡೆ ತಲೆಗೆ ಹೋಯಿತು. ನಾಲ್ಕನೆಯದು ಗಾಳಿಗೆ ಹರಿಯಿತು. ಮುಕ್ಕಾಲು ಗಂಟೆ ಹೊಡೆದು ನಿಂತಾಗ ಮಳೆಮಾಪಕದಲ್ಲಿ 1 ಇಂಚು 40 ಸೆಂಟು, ಅಂದರೆ 1.4 ಇಂಚು. ಉಗ್ರಾಣದ ಗೋಡೆ ಆರಡಿ ಅಗಲಕ್ಕೆ ಕುಸಿದು ಕೂತಿತ್ತು. ಆ ಗೋಡೆ ಮತ್ತೆ ಏರಿಸಲು ನಲವತ್ತು ಸಾವಿರ, ಹನ್ನೊಂದು ದಿನ. ದೊಡ್ಡಪ್ಪ ಮರುದಿನ ಬಂದು ಸುಮ್ನೆ ನೋಡಿ ಹೋದರು, ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ನೋವಾಯಿತು. ಒಂಬತ್ತನೇ ದಿನ ತೋಟ ಪೂರ್ತಿ ಬೆಳ್ಳಗೆ ಹೂ ಬಿಟ್ಟಿತು. ಆ ಪರಿಮಳದಲ್ಲಿ ನಾವು ಹೆಂಚು ಹೊದಿಸುತ್ತಿದ್ದೆವು.

ಈಗ ಮಾಡುವವರಿಗೆ ಹೇಳುತ್ತೇನೆ: ಮಾಡು ಮಾರ್ಚ್ ಒಂದನೇ ತಾರೀಖಿನೊಳಗೆ ಮುಚ್ಚಿರಬೇಕು. ಟಾರ್ಪಾಲ್ ಎಂಟು ಇಟ್ಟುಕೊಳ್ಳಿ.

ಒಟ್ಟಿಗೆ ಬಿಚ್ಚಿದ್ದರ ಲಾಭ ವೈರಿಂಗ್‌ನಲ್ಲಿ ಎದ್ದು ಕಂಡಿತು. ಮಾಡು ತೆರೆದಿರುವಾಗಲೇ ಪೈಪ್‌ಗಳನ್ನೆಲ್ಲ ಗೋಡೆ ತಲೆಯ ಮೇಲೆ ಹಾಯಿಸಿ, ಸ್ವಿಚ್ ಇರುವಲ್ಲಿ ಮಾತ್ರ ಕೆಳಗೆ ಇಳಿಸಿದೆವು, ಅದೂ ಗೋಡೆ ಕೆತ್ತದೆ ಹೊರಗಿನಿಂದಲೇ. ಐದು ದಿನದ ಕೆಲಸ. ಹಿಂದೆ ಒಂದೇ ಕೋಣೆಗೆ ನಾಲ್ಕು ದಿನ ಹಿಡಿದಿತ್ತು. ಏಪ್ರಿಲ್ ಸಿಡಿಲು ನೆನಪಿಟ್ಟುಕೊಂಡು ಅರ್ಥಿಂಗ್ ಎರಡು ಗುಂಡಿ ಮಾಡಿಸಿದ್ದೇನೆ.

ಗೋಡೆಗೆ ಈ ಸಲ ಚಿಪ್ಪಿನ ಸುಣ್ಣ. ಕರಾವಳಿಯಿಂದ ತರಿಸಿ, ಗುಂಡಿಯಲ್ಲಿ ಮೂರು ವಾರ ನೀರಲ್ಲಿ ಕೊಳೆಹಾಕಿದೆ. ಅದಕ್ಕೂ ಮೊದಲು ಕೊಟ್ಟಿಗೆ ಗೋಡೆ ಮೇಲೆ ನಾಲ್ಕು ತುಂಡು ಹಚ್ಚಿ ಒಂದು ಮಳೆಗಾಲ ಬಿಟ್ಟು ನೋಡಿದ್ದೆ: ಬರೀ ಸುಣ್ಣ ಮರಳು, ಬೆಲ್ಲದ ನೀರು ಹಾಕಿದ್ದು, ಲೋಳೆಸರದ ರಸ ಹಾಕಿದ್ದು, ಸ್ವಲ್ಪ ಸಿಮೆಂಟ್ ಸೇರಿಸಿದ್ದು. ಮೊದಲು ಬಿರಿದದ್ದು ಸಿಮೆಂಟ್ ಇದ್ದದ್ದೇ. ಬೆಲ್ಲದ್ದು ಎಲ್ಲಕ್ಕಿಂತ ಗಟ್ಟಿ, ಆದರೆ ಒಣಗುವವರೆಗೆ ಇರುವೆ ಹತ್ತಿತು. ಲೋಳೆಸರಕ್ಕೂ ಬರೀ ಸುಣ್ಣಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಹೊರಗಡೆಗೆ ಬೆಲ್ಲದ್ದು, ಒಳಗಡೆಗೆ ಬರೀ ಸುಣ್ಣ ಮಾಡಿಸಿದೆ. 2014ರ ಸಿಮೆಂಟ್ ಗಾರೆಯನ್ನು ಕಿತ್ತು ಹಾಕುವುದಕ್ಕೇ ಹದಿನೆಂಟು ಸಾವಿರ ಕೂಲಿ ಕೊಟ್ಟೆ.

ನೆಲ ಎಲ್ಲ ಒಟ್ಟಿಗೆ ಅಗೆದು, ನೀರಿನ ಟ್ಯೂಬ್ ಹಿಡಿದು ಇಡೀ ಮನೆಗೆ ಒಂದೇ ಮಟ್ಟ ಗುರುತು ಹಾಕಿದೆವು. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಕಾಂಕ್ರೀಟ್, ಅದರ ಮೇಲೆ ರೆಡ್ ಆಕ್ಸೈಡ್. ಟೈಲ್ಸ್ ಹಾಕಿ ಅಂದವರೇ ಎಲ್ಲ. ಈ ಕೆಲಸ ಬಲ್ಲ ವಯಸ್ಸಾದ ಒಬ್ಬರನ್ನು ಶನಿವಾರಸಂತೆ ಕಡೆಯಿಂದ ಹುಡುಕಿ ಕರೆತಂದೆ. ಬಣ್ಣದ ಪುಡಿ ಒಂದೇ ಸಲ ತಂದು, ಎಲ್ಲ ಕೋಣೆಗೂ ಆಗುವಷ್ಟು ಒಣಸಿಮೆಂಟ್ ಜೊತೆ ಮೊದಲೇ ಬೆರೆಸಿ ಇಟ್ಟರು. ಒಂದೊಂದೇ ಕೋಣೆ ಮಾಡಿದ್ದರೆ ಈ ಬಣ್ಣ ಜನ್ಮದಲ್ಲಿ ಹೊಂದುತ್ತಿರಲಿಲ್ಲ. ಅವರ ಅಳತೆಯನ್ನು ಅವರ ಒಪ್ಪಿಗೆ ಇಲ್ಲದೆ ಬರೆಯುವುದು ಸರಿಯಲ್ಲ. ಈಗ ಅವ್ವ ಜಗಲಿಯಿಂದ ಬಚ್ಚಲವರೆಗೆ ಒಂದೂ ಹೊಸ್ತಿಲು ಎಡವದೆ ನಡೆಯುತ್ತಾರೆ.

ದುಡ್ಡಿನ ಲೆಕ್ಕ. ಹದಿಮೂರು ಲಕ್ಷ ಅಂದುಕೊಂಡಿದ್ದೆ, ಹದಿನಾರೂವರೆ ಆಯಿತು. ಮಾಡಿಗೇ ಐದು ಲಕ್ಷ. ಗೋಡೆ ಎರಡೂವರೆ, ನೆಲ ಎರಡೂಕಾಲು. ಎರಡು ಬಚ್ಚಲು, ಪೈಪು ಸೇರಿ ಎರಡು ಲಕ್ಷ ಅರವತ್ತು ಸಾವಿರ. ಉಳಿದದ್ದು ವೈರಿಂಗ್, ಬಾಗಿಲು ಕಿಟಕಿ, ಬಣ್ಣ, ಲಾರಿ ಬಾಡಿಗೆ. ಇದರಲ್ಲಿ ಆರು ಲಕ್ಷ ಸಾಲ. ಎಂ ಸ್ಯಾಂಡ್, ಜಲ್ಲಿ, ಸಿಮೆಂಟ್ ಎಲ್ಲ ಕುಶಾಲನಗರದಿಂದ ತುಂಬಿದ ಲಾರಿಯಲ್ಲೇ ಬಂತು. ಮೊದಲೆಲ್ಲ ಅರ್ಧ ಲೋಡಿಗೂ ಪೂರ್ತಿ ಬಾಡಿಗೆ ಕೊಡುತ್ತಿದ್ದೆ. ಅಷ್ಟರಲ್ಲೇ ಮೂವತ್ತು ಸಾವಿರದ ಹತ್ತಿರ ಉಳಿದಿರಬೇಕು. ದಿನಗೂಲಿ ಲೆಕ್ಕ ನೆಲ ಅಗೆಯುವುದಕ್ಕೆ, ಹೆಂಚು ಇಳಿಸುವುದಕ್ಕೆ ಮಾತ್ರ. ಬಾಕಿ ಎಲ್ಲ ಅಳತೆ ಲೆಕ್ಕ. ಒಂದು ಅಂಗಡಿಯವರು ಮಾತಾಡಿದ ಕಂಪನಿಯ ಪೈಪ್ ಬಿಟ್ಟು ಬೇರೆ ಕಳಿಸಿದರು. ನಾನು ಊರಲ್ಲಿಲ್ಲದ ದಿನ ಅದನ್ನೇ ಹಾಕಿಬಿಟ್ಟಿದ್ದರು. ಕೀಳಿಸಿದೆ, ಆರು ಸಾವಿರ ನಷ್ಟ.

ಮೇಸ್ತ್ರಿ ಹತ್ತಿರ ಮೊದಲೇ ಒಂದು ಮಾತು ಆಗಿತ್ತು. ಮಾಡಿನ ಕೂಲಿಯಲ್ಲಿ ಹತ್ತು ಪರ್ಸೆಂಟ್ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ, ಒಂದು ಪೂರ್ತಿ ಮಳೆಗಾಲ ನೋಡಿಯೇ ಕೊಡುವುದು. ಅವನಿಗೆ ಅದು ಹಿಡಿಸಿರಲಿಲ್ಲ. ಆ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೂರು ಇಂಚಿನ ಹತ್ತಿರ ಮಳೆ ಬಂತು. ಅಕ್ಟೋಬರ್ ಕೊನೆಗೆ ಬಂದ, ಏಣಿ ಹಾಕಿಕೊಂಡು ತಾನೇ ಮಾಡು ಹತ್ತಿದ, ಪೂರ್ತಿ ಒಂದು ಸುತ್ತು ನಡೆದ. ಬಚ್ಚಲ ಮೂಲೆಯಲ್ಲಿ ಸರಿದಿದ್ದ ಒಂದು ಹೆಂಚು ಕೂರಿಸಿ ಇಳಿದ. ಅವ್ವ ಕಾಫಿ ಕೊಟ್ಟರು. ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡು, "ಅಣ್ಣ, ಆ ನೋಟ್‌ಬುಕ್ ಒಂದ್ಸಲ ಕೊಡ್ತೀರಾ, ಬೇರೆ ಮನೆಯವರಿಗೆ ತೋರಿಸ್ಬೇಕು" ಅಂದ. ಕೊಟ್ಟೆ. ಈಗ ಅದು ದೊಡ್ಡಪ್ಪನ ಮನೆಯಲ್ಲಿದೆ. ಜನವರಿಯಲ್ಲಿ ಅವರ ಮಾಡು ಇಳಿಸುತ್ತಾರೆ.