ನಾಯಿಯ ಮಂಡಿ ಉಲ್ಟಾ ಅಲ್ಲ

ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ಭಾನುವಾರ ಚಿತ್ರ ಹೇಳಿಕೊಡುತ್ತೇನೆ. ನಾಯಿ ಬರೆಯಿರಿ ಅಂದರೆ ಮುಖ, ಕಿವಿ ಎಲ್ಲ ಚೆನ್ನಾಗೇ ಬರುತ್ತದೆ. ಹಿಂಗಾಲಿಗೆ ಬಂದ ಕೂಡಲೇ ಮುಗ್ಗರಿಸುತ್ತಾರೆ. ಕೆಲವರು ಮೇಜಿನ ಕಾಲಿನ ಹಾಗೆ ಎರಡು ಕಂಬ ನಿಲ್ಲಿಸುತ್ತಾರೆ. ಇನ್ನು ಕೆಲವರು, 'ಪ್ರಾಣಿಗಳ ಮಂಡಿ ಉಲ್ಟಾ ಅಲ್ವಾ ಅಂಕಲ್?' ಅನ್ನುತ್ತಾರೆ. ಬಂದ ದೊಡ್ಡವರೂ ಇದನ್ನೇ ಕೇಳಿದ್ದಾರೆ.

ಬೇಕಾದದ್ದು 2ಬಿ ಪೆನ್ಸಿಲ್, ಅಗ್ಗದ ಹಾಳೆಗಳ ಒಂದು ಕಟ್ಟು. ರಬ್ಬರ್ ಮನೆಯಲ್ಲೇ ಬಿಡಿ. ಆನ್‌ಲೈನಿನಲ್ಲಿ ಕೀಲು ಜೋಡಿಸಿದ ಮರದ ಕುದುರೆ ಸಿಗುತ್ತದೆ, ಅದನ್ನಂತೂ ತರಿಸಬೇಡಿ. ನಾನು ತರಿಸಿ ಕೈ ಸುಟ್ಟುಕೊಂಡೆ. ಕುದುರೆ ಬಾಗದ ಕಡೆಯೇ ಅದು ಬಾಗುತ್ತದೆ.

ಮೊದಲು ತಲೆಗೊಂದು, ಎದೆಗೂಡಿಗೊಂದು, ಸೊಂಟಕ್ಕೊಂದು ಮೊಟ್ಟೆ ಬರೆದು ಬೆನ್ನುಮೂಳೆಯ ಗೆರೆಯಿಂದ ಪೋಣಿಸಿ. ಇದು ಯಾರಿಗಾದರೂ ಬರುತ್ತದೆ.

ಈಗ ಹಿಂಗಾಲು. ಪೆನ್ಸಿಲ್ ಕೆಳಗಿಡಿ. ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ, ಬೆರಳ ಮೇಲೆ ಭಾರ ಹಾಕಿ, ಮಂಡಿ ಸ್ವಲ್ಪ ಬಗ್ಗಿಸಿ. ನಾಯಿ ದಿನವಿಡೀ ನಿಲ್ಲುವುದು ಹೀಗೆ. ಅದರ ಕಾಲ ಹಿಂದೆ ಚೂಪಾಗಿ ಕಾಣುವ ಮೂಲೆ ಮಂಡಿಯಲ್ಲ, ಹಿಮ್ಮಡಿ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕದಲ್ಲಿ, ನಮ್ಮದರ ಹಾಗೆಯೇ ಮುಂದಕ್ಕೆ ಮುಖ ಮಾಡಿಕೊಂಡಿದೆ. ಕೂದಲು, ಚರ್ಮದ ಮಡಿಕೆಯಲ್ಲಿ ಅದು ಮುಚ್ಚಿಹೋಗುತ್ತದೆ, ಅಷ್ಟೆ. ಹಾಗಾಗಿ ಸೊಂಟ, ಮಂಡಿ, ಹಿಮ್ಮಡಿ, ಬೆರಳು ಅಂತ ನಾಲ್ಕು ಚುಕ್ಕೆ ಇಡಿ. ಗೆರೆ ಸೊಂಟದಿಂದ ಮುಂದಕ್ಕಿಳಿದು ಮಂಡಿಗೆ, ಅಲ್ಲಿಂದ ಹಿಂದಕ್ಕಿಳಿದು ಹಿಮ್ಮಡಿಗೆ, ಆಮೇಲೆ ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕೆ. ಆ ಕೊನೆಯ ತುಂಡನ್ನು ಎಲ್ಲರೂ ಗಿಡ್ಡ ಮಾಡುತ್ತಾರೆ. ಅದು ಪಾದ, ಧೈರ್ಯವಾಗಿ ಉದ್ದ ಎಳೆಯಿರಿ.

ಕುದುರೆ ಇನ್ನೊಂದು ಹೆಜ್ಜೆ ಮುಂದೆ. ಒಂದೊಂದು ಕಾಲಲ್ಲೂ ಒಂದೇ ಬೆರಳ ತುದಿಯ ಮೇಲೆ ನಿಲ್ಲುತ್ತದೆ. ಗೊರಸು ಅಂದರೆ ಆ ಬೆರಳಿನ ಉಗುರು. ಅದರ ಮುಂಗಾಲಿನ 'ಮಂಡಿ' ನಮ್ಮ ಮಣಿಕಟ್ಟು. ಹಸು ಎರಡು ಬೆರಳ ಮೇಲೆ ನಿಲ್ಲುತ್ತದೆ. ಕರಡಿಯಾದರೆ ನಮ್ಮ ಹಾಗೆ ಪಾದ ಪೂರ್ತಿ ಊರುತ್ತದೆ. ಆನೆಯ ಮೂಳೆ ಒಳಗೆ ತುದಿಗಾಲಲ್ಲೇ ಇದೆ, ಹಿಂದೆ ಕೊಬ್ಬಿನ ಮೆತ್ತೆ ಇರುವುದರಿಂದ ಹೊರಗೆ ಕಂಬದ ಹಾಗೆ ಕಾಣುತ್ತದೆ. ಮೇಜಿನ ಕಾಲು ಬರೆಯುವವರಿಗೆ ಆನೆ ಒಂದೇ ಗತಿ!

ಮುಂಗಾಲು ಸುಲಭ. ನಾಯಿಯ ಭುಜದ ಮೂಳೆಯನ್ನು ಎದೆಗೂಡಿಗೆ ಕಟ್ಟಿರುವುದು ಬರೀ ಮಾಂಸಖಂಡ. ನಡೆಯುವಾಗ ಅದು ಜಾರುತ್ತಿರುತ್ತದೆ ಅನ್ನುವುದು ನೆನಪಿದ್ದರೆ ಸಾಕು.

ಅಭ್ಯಾಸಕ್ಕೆ ಭಾಯಖಳಾದ ರಾಣಿ ಬಾಗ್ ಮೃಗಾಲಯಕ್ಕೆ ಹೋಗಿ. 1862ರ ತೋಟ, ಮರದ ನೆರಳೂ ಜಾಸ್ತಿ. ಬುಧವಾರ ರಜೆ. ಹಂಬೋಲ್ಟ್ ಪೆಂಗ್ವಿನ್ ಮುಂದೆ ಜನ ಮುತ್ತಿಕೊಂಡಿರುತ್ತಾರೆ, ಮೇಲಾಗಿ ಅದರ ಮಂಡಿ ಮೈಯೊಳಗೇ ಅಡಗಿದೆ, ಕಲಿಯುವವರಿಗೆ ಪ್ರಯೋಜನವಿಲ್ಲ. ಜಿಂಕೆಗಳ ಹತ್ತಿರ ನಿಲ್ಲಿ. ಫೋಟೋ ಮೇಲೆ ಹಾಳೆ ಇಟ್ಟು ತಿದ್ದಬೇಡಿ. ಅಂಚು ಸಿಗುತ್ತದೆ, ಮಂಡಿ ಸಿಗುವುದಿಲ್ಲ.

ಅಷ್ಟು ದೂರ ಯಾಕೆ ಅಂದರೆ ಮಾಟುಂಗಾದ ಹೂವಿನಂಗಡಿ ಕೆಳಗೆ ಮಲಗಿರುವ ನಾಯಿಯೇ ಸಾಕು. ಅದು ಏಳುವಾಗ ಮೊದಲು ಮುಂಗಾಲು ಚಾಚಿ ಮೈಮುರಿಯುತ್ತದೆ, ಆಮೇಲೆ ಒಂದೊಂದೇ ಹಿಂಗಾಲನ್ನು ಹಿಂದಕ್ಕೆ ಎಳೆಯುತ್ತದೆ. ನಾಲ್ಕು ಚುಕ್ಕೆಯೂ ಬಿಡಿಬಿಡಿಯಾಗಿ ಕಾಣುವುದು ಆಗಲೇ. ಕೂದಲು ಆಮೇಲೆ ಬರೆದರಾಯಿತು, ಚುಕ್ಕೆ ಬೇಗ ಇಡಿ.