ಧ್ವನಿ ಮಾಡ್ಯೂಲ್‌ನಿಂದ ಎಕ್ಸ್‌ಪಿಯನ್ನು ಕಳಚುವ ಬಗೆ

ಉಡುಪಿ, ಬ್ರಹ್ಮಾವರ, ಕುಂದಾಪುರದ ಕಡೆ ಯಕ್ಷಗಾನ ಹಾಡಿಕೆ ಕಲಿಯುವವರಿಗೆ, ಭಜನಾ ಮಂಡಳಿಯವರಿಗೆ ಶ್ರುತಿ ಕೊಡುವ ಒಂದು ಸಣ್ಣ ಸಾಫ್ಟ್‌ವೇರ್ ನಮ್ಮದು. ‘ಕಪ್ಪು ಎರಡು’ ಒತ್ತಿದರೆ ಕಪ್ಪು ಎರಡರ ಶ್ರುತಿ ಬರಬೇಕು, ನಿಲ್ಲಿಸುವವರೆಗೆ ತುಂಡಾಗಬಾರದು. ಕೆಲಸ ಅಷ್ಟೇ. ಆದರೆ ಒಳಗಿನ ಧ್ವನಿ ಮಾಡ್ಯೂಲ್ ಮಾತ್ರ ವಿಂಡೋಸ್ ಎಕ್ಸ್‌ಪಿಯಿಂದ ಹನ್ನೊಂದರವರೆಗೆ ಎಲ್ಲರನ್ನೂ ಓಲೈಸುತ್ತಾ ಬೆಳೆದು, ಇಫ್‌ಡೆಫ್‌ನ (ಓಎಸ್‌ಗೆ ತಕ್ಕಂತೆ ಕೋಡಿನ ತುಂಡನ್ನು ಸೇರಿಸುವ ಅಥವಾ ಬಿಡುವ ಷರತ್ತು) ಒಳಗೊಂದು ಇಫ್‌ಡೆಫ್ ಎಂಬ ಸ್ಥಿತಿಗೆ ಬಂದಿತ್ತು. ಹಳತನ್ನೆಲ್ಲ ತೆಗೆದೆವು. ತೆಗೆದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಇಂಥದ್ದೊಂದು ಮಾಡ್ಯೂಲ್ ನೋಡಿಕೊಳ್ಳುವವರಿಗೆ ಉಪಯೋಗಕ್ಕೆ ಬಂದೀತು.

ಮೊದಲು ಗೆರೆ ಎಲ್ಲಿ ಎಳೆಯುವುದು ಎಂದು ನಿರ್ಧರಿಸಿ. ಮೈಕ್ರೋಸಾಫ್ಟ್ ಎಕ್ಸ್‌ಪಿಯನ್ನು 2014ರ ಏಪ್ರಿಲ್ 8ಕ್ಕೆ ಕೈಬಿಟ್ಟಿತು, ಸೆವೆನ್ ಅನ್ನು 2020ರ ಜನವರಿ 14ಕ್ಕೆ, ಹತ್ತನ್ನು 2025ರ ಅಕ್ಟೋಬರ್ 14ಕ್ಕೆ. ಈ ತಾರೀಕುಗಳನ್ನೇ ನಂಬಿದರೆ ಹತ್ತೂ ಹೋಗಬೇಕು. ನಾವು ಹತ್ತನ್ನು ಉಳಿಸಿಕೊಂಡೆವು, ಏಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಯಂತ್ರಕ್ಕೆ ಹನ್ನೊಂದು ಅಧಿಕೃತವಾಗಿ ಹತ್ತುವುದೇ ಇಲ್ಲ, ಅಂಥ ಲ್ಯಾಪ್‌ಟಾಪ್‌ಗಳು ನಮ್ಮ ಬಳಕೆದಾರರಲ್ಲಿ ಬೇಕಾದಷ್ಟು ಉಂಟು. ನನ್ನ ಮಟ್ಟಿಗೆ ತಾರೀಕಿಗಿಂತ ದೊಡ್ಡ ಪ್ರಶ್ನೆ: ಆ ಓಎಸ್ ಇರುವ ನಿಜವಾದ ಯಂತ್ರದಲ್ಲಿ ನೀವು ಕಿವಿಯಿಟ್ಟು ಕೇಳಬಲ್ಲಿರಾ? ವರ್ಚುವಲ್ ಮಷೀನಿನಲ್ಲಿ ಕೇಳಿದ ಶಬ್ದವನ್ನು ನಂಬಬೇಡಿ, ಅಲ್ಲಿಯ ತೊದಲು ಯಾರದ್ದೆಂದು ಗೊತ್ತಾಗುವುದಿಲ್ಲ. ನಮ್ಮ ಎಕ್ಸ್‌ಪಿ ಯಂತ್ರ ಮಲ್ಪೆಯ ಉಪ್ಪುಗಾಳಿಗೆ ಬೋರ್ಡು ಹಸಿರುಗಟ್ಟಿ ಸತ್ತಿತ್ತು. ಪರೀಕ್ಷಿಸಲಾಗದ ಮೇಲೂ ‘ಎಕ್ಸ್‌ಪಿಯಲ್ಲಿ ನಡೆಯುತ್ತದೆ’ ಎಂದು ಬರೆದುಕೊಳ್ಳುವುದು ಸುಳ್ಳು.

ಆಮೇಲೆ ಬಳಸುವವರನ್ನು ಕೇಳಿ, ಅದೂ ಫೋನಿನಲ್ಲಿ. ಅತಿ ಹಳೆಯ ಯಂತ್ರ ಇಟ್ಟುಕೊಂಡವರು ಅದನ್ನು ಇಂಟರ್ನೆಟ್ಟಿಗೆ ಸೇರಿಸಿಯೇ ಇರುವುದಿಲ್ಲ, ಹಾಗಾಗಿ ಡೌನ್‌ಲೋಡ್ ಲೆಕ್ಕದಲ್ಲಿ ಅವರು ಕಾಣುವುದಿಲ್ಲ. ಬ್ರಹ್ಮಾವರದ ಕಡೆಯ ಭಾಗವತರೊಬ್ಬರು ವಿಷಯ ಕೇಳಿದ್ದೇ, “ಎಂಥ ಮಾರಾಯ್ರೆ, ನನ್ನದರಲ್ಲಿ ಇನ್ನು ಶ್ರುತಿ ಬರುದಿಲ್ವಾ?” ಎಂದರು. “ಈಗ ಇರುವುದು ಹಾಗೇ ಇರ್ತದೆ ಭಾಗವತ್ರೆ, ಹೊಸದನ್ನು ಮಾತ್ರ ಅದಕ್ಕೆ ಹಾಕ್ಲಿಕ್ಕೆ ಆಗುದಿಲ್ಲ” ಎಂದೆ. “ಹಾಗಾದ್ರೆ ತೊಂದ್ರೆ ಇಲ್ಲ” ಎಂದು ಇಟ್ಟುಬಿಟ್ಟರು. ಹೆಚ್ಚಿನವರಿಗೆ ಬೇಕಾದದ್ದು ಈ ಒಂದು ಭರವಸೆ. ಮುನ್ಸೂಚನೆ ಎಷ್ಟು ಮೊದಲು ಕೊಡಬೇಕು ಎನ್ನುವುದಕ್ಕೆ ಪೈಥಾನ್ ಭಾಷೆಯವರನ್ನು ನೋಡಿ: ಲಿನಕ್ಸ್, ಫ್ರೀಬಿಎಸ್‌ಡಿಗಳ ಓಎಸ್‌ಎಸ್ ಎಂಬ ಧ್ವನಿ ವ್ಯವಸ್ಥೆಯ ಮಾಡ್ಯೂಲನ್ನು 3.11ರಲ್ಲಿಯೇ ‘ಹೋಗಲಿದೆ’ ಎಂದು ಗುರುತಿಸಿ, 2024ರ ಅಕ್ಟೋಬರಿನಲ್ಲಿ ಬಂದ 3.13ರಲ್ಲಿ ತೆಗೆದರು.

ಇನ್ನು ಕೋಡ್. ನಮ್ಮಲ್ಲಿ ಸಹಾಯಕ್ಕೆ ಬರುವ ಎಂಜಿನಿಯರಿಂಗ್ ಹುಡುಗ ಮೊದಲ ದಿನವೇ, “ಅಕ್ಕ, ವೇವ್‌ಔಟ್, ಡೈರೆಕ್ಟ್‌ಸೌಂಡ್, ಓಎಸ್‌ಎಸ್ ಎಲ್ಲಾ ಒಟ್ಟಿಗೆ ಡಿಲೀಟ್ ಮಾಡುವನಾ?” ಎಂದು ಕೇಳಿದ. ಅಲ್ಲೇ ತಡೆದೆ. ಅವೆಲ್ಲ ಎಪಿಐಗಳು, ಅಂದರೆ ಪ್ರೋಗ್ರಾಂ ಓಎಸ್‌ನಿಂದ ಶಬ್ದ ಹೊರಡಿಸಲು ಬಳಸುವ ದಾರಿಗಳು. ಹಳೆ ಓಎಸ್ ಬೇರೆ, ಹಳೆ ಎಪಿಐ ಬೇರೆ. ವೇವ್‌ಔಟ್ ವಿಂಡೋಸ್ ಹನ್ನೊಂದರಲ್ಲಿಯೂ ನಡೆಯುತ್ತದೆ. ವಿಸ್ತಾದ ನಂತರ ಅದು ವಾಸಾಪಿ ಎಂಬ ಹೊಸ ಧ್ವನಿ ಎಪಿಐಯ ಮೇಲೆ ಕೂತಿದೆ, ಅಷ್ಟೇ. ಓಎಸ್‌ಎಸ್ ಕಥೆ ಇನ್ನೂ ಚಂದ. ಲಿನಕ್ಸ್‌ನಲ್ಲಿ 2003ರ ಕೊನೆಗೆ 2.6 ಕರ್ನಲ್ ಜೊತೆ ಆಲ್ಸಾ ಎಂಬ ಹೊಸ ಧ್ವನಿ ವ್ಯವಸ್ಥೆ ಬಂದ ಮೇಲೆ ಓಎಸ್‌ಎಸ್ ಮೂಲೆ ಸೇರಿತು, ಸರಿ. ಆದರೆ ಫ್ರೀಬಿಎಸ್‌ಡಿ ಎಂಬ ಓಎಸ್‌ನಲ್ಲಿ ಇವತ್ತಿಗೂ ಅದೇ ಮುಖ್ಯ ದಾರಿ. ‘ಹಳೆ ಲಿನಕ್ಸ್’ ಎಂದು ಆ ಕಡತ ಅಳಿಸಿದರೆ ಹೊಚ್ಚಹೊಸ ಫ್ರೀಬಿಎಸ್‌ಡಿಯವರು ಮೂಕರಾಗುತ್ತಾರೆ. ನಾವು ಕಡತವನ್ನು ಉಳಿಸಿ, ಲಿನಕ್ಸ್‌ಗೆಂದು ಇದ್ದ ಷರತ್ತನ್ನು ಮಾತ್ರ ತೆಗೆದೆವು. ಲಿನಕ್ಸ್‌ನ ಹೊಸ ಧ್ವನಿ ಸರ್ವರ್ ಪೈಪ್‌ವೈರ್‌ಗೆ ಹೊಸ ಬ್ಯಾಕೆಂಡ್ (ಒಂದೊಂದು ಎಪಿಐ ಜೊತೆ ಮಾತಾಡುವ ಕೋಡಿನ ಭಾಗ) ಬರೆಯುವ ಆಸೆಯೂ ಬೇಡ. ಅದಕ್ಕೂ ಹಿಂದಿನ ಪಲ್ಸ್‌ಆಡಿಯೋದ ಭಾಷೆ ಅದಕ್ಕೆ ಚೆನ್ನಾಗಿ ಬರುತ್ತದೆ.

ಕತ್ತರಿಸುವಾಗ ಬಿಲ್ಡ್‌ನಿಂದ ಶುರು ಮಾಡಿ. ವಿಂಡೋಸ್‌ನ ಕನಿಷ್ಠ ಆವೃತ್ತಿ ಹೇಳುವ ಮ್ಯಾಕ್ರೋ ಒಂದುಂಟು, ಹೆಕ್ಸ್‌ನಲ್ಲಿ 0501 ಎಂದರೆ ಎಕ್ಸ್‌ಪಿ, 0601 ಸೆವೆನ್, 0ಎ00 ಹತ್ತು. ಅದನ್ನು ಏರಿಸಿ. ಅದಕ್ಕಿಂತ ಕಡಿಮೆ ಇದ್ದರೆ ಕಂಪೈಲರ್ ಅಲ್ಲೇ ನಿಂತು ಕಾರಣ ಹೇಳುವಂತೆ ಒಂದು ಸಾಲು ಬರೆಯಿರಿ. ಈ ಹಂತದಲ್ಲಿ ಮತ್ತೇನೂ ಅಳಿಸಬೇಡಿ. ಇದನ್ನೇ ಒಂದು ಬಿಡುಗಡೆಯಾಗಿ ಹೊರಗೆ ಬಿಟ್ಟು ಯಾರಾದರೂ ಕೂಗುತ್ತಾರಾ ನೋಡಿ. ಕೂಗಿದರೆ ಒಂದು ಕಮಿಟ್ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ) ಹಿಂದೆ ತಿರುಗಿಸಿದರೆ ಮುಗಿಯಿತು.

ಮುಂದಿನ ಹಂತದಲ್ಲಿ, ಎಕ್ಸ್‌ಪಿ ಹೋದ ಮೇಲೆ ವಾಸಾಪಿಯೇ ಸಾಕಾದ್ದರಿಂದ, ವೇವ್‌ಔಟ್‌ನಂಥವನ್ನು ತೆಗೆಯಬಹುದು, ಆದರೆ ಒಂದು ಬ್ಯಾಕೆಂಡ್‌ಗೆ ಒಂದು ಕಮಿಟ್. ಕಡತ ಅಳಿಸುವುದು ಸುಲಭ. ಉಳಿದ ಕೋಡಿನಲ್ಲಿ ಎಕ್ಸ್‌ಪಿಗಾಗಿ ಮಾಡಿಕೊಂಡ ಊಹೆಗಳಿರುತ್ತವಲ್ಲ, ಅವು ಹಲಸಿನ ಮೇಣದ ಹಾಗೆ, ಒರೆಸಿದಷ್ಟೂ ಇನ್ನೊಂದು ಕಡೆ ಅಂಟಿರುತ್ತವೆ. ಅದರಲ್ಲಿ ಅಪಾಯದ್ದು ಸ್ಯಾಂಪಲ್ ದರ, ಅಂದರೆ ಸೆಕೆಂಡಿಗೆ ಧ್ವನಿಯ ಎಷ್ಟು ಮಾದರಿಗಳು ಎಂಬ ಲೆಕ್ಕ. ವೇವ್‌ಔಟ್‌ಗೆ 44100 ಕೊಟ್ಟರೆ ಸಾಕು, ಕಾರ್ಡಿಗೆ ಬೇಕಾದಂತೆ ವಿಂಡೋಸೇ ಬದಲಾಯಿಸಿಕೊಳ್ಳುತ್ತದೆ. ವಾಸಾಪಿಯ ಶೇರ್ಡ್ ಮೋಡ್ (ಹಲವು ಪ್ರೋಗ್ರಾಂಗಳ ಶಬ್ದ ಒಟ್ಟಿಗೆ ಬೆರೆಯುವ ವಿಧಾನ) ಸಾಮಾನ್ಯವಾಗಿ ಹಾಗಲ್ಲ. ಅದಕ್ಕೆ ಮಿಕ್ಸರ್‌ನ ದರವೇ ಬೇಕು, ಅದು ಬಹಳ ಕಡೆ 48000. ಬೇರೆ ಕೊಟ್ಟರೆ ತೆರೆಯುವಾಗಲೇ ದೋಷ ಎನ್ನುತ್ತದೆ. ಆ ದೋಷ ನೋಡಿ ಅವಸರದಲ್ಲಿ ದರದ ಅಂಕಿಯನ್ನಷ್ಟೇ ತಿದ್ದಿ, 44100ಕ್ಕೆ ತಯಾರಾದ ಶ್ರುತಿಯ ಕಡತವನ್ನು ಹಾಗೇ ಹರಿಬಿಟ್ಟರೆ? 48000ವನ್ನು 44100ರಿಂದ ಭಾಗಿಸಿ: ಸುಮಾರು 1.088. ಅಂದರೆ ಶ್ರುತಿ ಹೆಚ್ಚುಕಡಿಮೆ ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಸಿನಿಮಾ ಹಾಡಾದರೆ ‘ಸ್ವಲ್ಪ ಚುರುಕಾಗಿದೆ’ ಎಂದು ಬಿಟ್ಟಾರು, ಭಾಗವತರ ಗಂಟಲು ಬಿಡುವುದಿಲ್ಲ. ಆದ್ದರಿಂದ ವೇವ್‌ಔಟ್ ತೆಗೆಯುವ ಮೊದಲೇ ನಿಮ್ಮ ಮಾಡ್ಯೂಲಿನೊಳಗೆ ದರ ಬದಲಾಯಿಸಿಕೊಡುವ ಸರಿಯಾದ ರೀಸ್ಯಾಂಪ್ಲರ್ ಉಂಟೋ ಎಂದು ನೋಡಿ. ಪರೀಕ್ಷೆ ಸುಲಭ: 440 ಹರ್ಟ್ಸ್ ನುಡಿಸಿ, ಫೋನಿನ ಟ್ಯೂನರ್ ಆ್ಯಪ್ ಹಿಡಿಯಿರಿ, ವಿಂಡೋಸ್‌ನ ಧ್ವನಿ ಸೆಟ್ಟಿಂಗ್‌ನಲ್ಲಿ ದರ ಬದಲಾಯಿಸಿ ಮತ್ತೊಮ್ಮೆ ನೋಡಿ. ಮುಳ್ಳು ಅಲುಗಬಾರದು.

ಬಫರ್ (ನುಡಿಸುವ ಮೊದಲು ಶಬ್ದ ಕೂಡಿಡುವ ಜಾಗ) ಕೂಡ ಹಾಗೆಯೇ. ವೇವ್‌ಔಟ್ ತೊದಲದಿರಲಿ ಎಂದು ಇಟ್ಟ 100 ಮಿಲಿಸೆಕೆಂಡಿನ ಬಫರ್ ವಾಸಾಪಿಗೆ ಬೇಕಿಲ್ಲ, ಅಲ್ಲಿ 10 ಮಿಲಿಸೆಕೆಂಡಿಗೊಮ್ಮೆ, ಎಂದರೆ 48000ದಲ್ಲಿ 480 ಫ್ರೇಮ್‌ಗಳಂತೆ ಕೆಲಸ ಸಾಗುವುದು ವಾಡಿಕೆ. ಶ್ರುತಿಗೆ ತಡವಾದರೂ ನಡೆದೀತು, ತಾಳಕ್ಕೆ ನಡೆಯದು. ಧ್ವನಿಯ ಥ್ರೆಡ್‌ಗೆ ಆದ್ಯತೆ ಕೊಡಿಸುವ ಎವಿಆರ್‌ಟಿ ಡಿಎಲ್‌ಎಲ್ ವಿಸ್ತಾದಿಂದ ಈಚಿನದ್ದು. ನೇರ ಲಿಂಕ್ ಮಾಡಿದರೆ ಎಕ್ಸ್‌ಪಿಯಲ್ಲಿ ಪ್ರೋಗ್ರಾಂ ಏಳುವುದೇ ಇಲ್ಲವೆಂದು ಹಿಂದೆ ಅದನ್ನು ಓಡುವಾಗ ಹುಡುಕಿ ಲೋಡ್ ಮಾಡುತ್ತಿದ್ದೆವು. ಈಗ ನೇರ ಲಿಂಕ್, ಆ ಸುತ್ತಿನ ಕೋಡೆಲ್ಲ ಕಸಕ್ಕೆ. ವಿಂಡೋಸ್ ಆವೃತ್ತಿ ಕೇಳುವ ಹಳೆ ಫಂಕ್ಷನ್‌ನ ಕರೆಗಳನ್ನು ಗ್ರೆಪ್‌ನಿಂದ ಹುಡುಕಿ ಕಿತ್ತುಹಾಕಿ. ಯಾವ ವಿಂಡೋಸ್‌ಗೆ ಹೊಂದುತ್ತದೆ ಎಂದು ಹೇಳುವ ಮ್ಯಾನಿಫೆಸ್ಟ್ ಪ್ರೋಗ್ರಾಂನಲ್ಲಿ ಇಲ್ಲದಿದ್ದರೆ 8.1ರಿಂದ ಈಚೆಗೆ ಅದು ಎಲ್ಲದಕ್ಕೂ 6.2 (ವಿಂಡೋಸ್ ಎಂಟು) ಎಂದೇ ಉತ್ತರ ಕೊಡುತ್ತದೆ.

ಬಳಕೆದಾರರ ಸೆಟ್ಟಿಂಗ್ ಕಡತವನ್ನು ಮರೆಯಬೇಡಿ. ಹತ್ತಕ್ಕೆ ಬಂದವರ ಕಡತದಲ್ಲೂ ‘ವೇವ್‌ಔಟ್’ ಎಂಬ ಆಯ್ಕೆ ಹಾಗೇ ಕೂತಿರುತ್ತದೆ. ಆ ಹೆಸರು ಕಂಡರೆ ಸದ್ದಿಲ್ಲದೆ ‘ಸ್ವಯಂ ಆಯ್ಕೆ’ಗೆ ಹೋಗಿ, ಲಾಗ್‌ನಲ್ಲಿ ಒಂದು ಸಾಲು ಬರೆದರೆ ಸಾಕು. ಇನ್‌ಸ್ಟಾಲರ್‌ಗೂ ಕನಿಷ್ಠ ಆವೃತ್ತಿ ಹೇಳಿ. ನಾವು ಬಳಸುವ ಇನ್ನೋ ಸೆಟಪ್‌ನಲ್ಲಿ ಅದು ಒಂದೇ ಸಾಲಿನ ಕೆಲಸ. ಇಲ್ಲವಾದರೆ ಹಳೆ ಯಂತ್ರ ‘ಇದು ಸರಿಯಾದ ವಿನ್32 ಪ್ರೋಗ್ರಾಂ ಅಲ್ಲ’ ಎಂದು ಬೆದರಿಸುತ್ತದೆ, ಫೋನ್ ನಿಮಗೆ ಬರುತ್ತದೆ.

ಕೊನೆಯ ಹಳೆ ಆವೃತ್ತಿಗೆ ಗಿಟ್‌ನಲ್ಲಿ ಟ್ಯಾಗ್ ಹಾಕಿ, ಇನ್‌ಸ್ಟಾಲರನ್ನೂ ಕಾಪಿಡಿ. ಲಿಂಕ್ ಕಳಿಸಿದರೆ ಆಗದು. ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಟಿಎಲ್‌ಎಸ್ 1.2 ಎಂಬ ಸುರಕ್ಷಿತ ಸಂಪರ್ಕದ ವಿಧಾನ ಬಾರದ್ದರಿಂದ ಈಗಿನ ಹೆಚ್ಚಿನ ತಾಣಗಳು ಅದರಲ್ಲಿ ತೆರೆಯುವುದೇ ಇಲ್ಲ. ಪೆನ್‌ಡ್ರೈವ್‌ನಲ್ಲಿ ಕೊಡಿ, ಅದನ್ನು ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್ ಆದರೆ ಎಕ್ಸ್‌ಪಿಗೆ ಬೇರೆ ಅಪ್‌ಡೇಟ್ ಹಾಕಬೇಕಾಗುತ್ತದೆ.