ರಷ್ಯಾದಲ್ಲಿ ಓದಿ ಬಂದು ಕರ್ನಾಟಕದಲ್ಲಿ ಡಾಕ್ಟರ್ ಆಗಿ ರಿಜಿಸ್ಟರ್ ಆಗಿದ್ದು: ನನ್ನ ಅನುಭವ

ಹೊರದೇಶಕ್ಕೆ ಡಾಕ್ಟರ್ ಓದಲು ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಇದನ್ನೇ: ಎಫ್‌ಎಂಜಿಇ, ಅಂದರೆ ಹೊರಗೆ ಓದಿ ಬಂದ ಡಾಕ್ಟರುಗಳು ಇಲ್ಲಿ ಪಾಸಾಗಬೇಕಾದ ಪರೀಕ್ಷೆ, ತುಂಬಾ ಕಷ್ಟನಾ? ಕಷ್ಟವೇ, ಸುಳ್ಳು ಹೇಳುವುದಿಲ್ಲ. ಪಾಸಾಗುವವರಿಗಿಂತ ಫೇಲಾಗುವವರೇ ಜಾಸ್ತಿ. ಆದರೆ ಆ ಪರೀಕ್ಷೆ ಪಾಸ್ ಮಾಡಿಯೂ ಕಾಗದಪತ್ರ ಸರಿಯಿಲ್ಲದೆ ತಿಂಗಳುಗಟ್ಟಲೆ ಮನೆಯಲ್ಲಿ ಕೂತವರನ್ನು ನೋಡಿದ್ದೇನೆ. ಒಂದೊಂದು ಕಾಗದವೂ ಅದರ ಹಿಂದಿನ ಕಾಗದದ ಮೇಲೆ ನಿಂತಿರುತ್ತದೆ. ಹಿಂದಿನದು ಇಲ್ಲದಿದ್ದರೆ ಮುಂದಿನದು ಹುಟ್ಟುವುದೇ ಇಲ್ಲ. ಇದನ್ನು ಹೋಗುವ ಮುಂಚೆ ಯಾರೂ ಹೇಳುವುದಿಲ್ಲ.

ನಾನು ಓದಿದ್ದು ರಷ್ಯಾದಲ್ಲಿ, ಆರು ವರ್ಷದ ಕೋರ್ಸ್. ಹೋಗುವ ಮೊದಲೇ ಎರಡು ಅರ್ಹತೆ ಇರಬೇಕಿತ್ತು. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ 50 ಪರ್ಸೆಂಟ್, ಮೀಸಲಾತಿ ಇರುವವರಿಗೆ 40. ಆಮೇಲೆ ನೀಟ್. 2018ರಿಂದ ಹೊರದೇಶಕ್ಕೆ ಹೋಗುವವರೂ ನೀಟ್ ಕ್ವಾಲಿಫೈ ಆಗಲೇಬೇಕು. "ನೀಟ್ ಬೇಡ, ಸೀಟ್ ನಾವು ಕೊಡಿಸ್ತೀವಿ" ಅನ್ನುವ ಏಜೆಂಟರು ಸಿಗುತ್ತಾರೆ. ಸೀಟು ಕೊಡಿಸಿಯೇ ಕೊಡಿಸುತ್ತಾರೆ, ಅದು ನಿಜ. ಆರು ವರ್ಷ ಓದಿ ಬಂದಮೇಲೆ ಇಲ್ಲಿ ನೀಟ್ ಎಲ್ಲಿ ಅಂತ ಕೇಳಿದಾಗ ಅವರು ಫೋನ್ ಎತ್ತುವುದಿಲ್ಲ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಜೊತೆ ಇನಿಶಿಯಲ್ ಇರುತ್ತದೆ, ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆಸಿದ್ದೆವು, ಹೀಗಾಗಿ ಊರಿನ ಹೆಸರೇ ನನ್ನ ಸರ್‌ನೇಮ್ ಆಯಿತು. ಯೂನಿವರ್ಸಿಟಿಯವರು ಪಾಸ್‌ಪೋರ್ಟ್ ನೋಡಿ ರಷ್ಯನ್ ಲಿಪಿಯಲ್ಲಿ ಬರೆದುಕೊಂಡರು. ಡಿಪ್ಲೊಮಾವನ್ನು ಇಂಗ್ಲಿಷಿಗೆ ಅನುವಾದ ಮಾಡಿಸುವಾಗ ಸ್ಪೆಲಿಂಗ್ ಮತ್ತೆ ಬದಲಾಯಿತು. ಕೊನೆಗೆ ಮಾರ್ಕ್ಸ್ ಕಾರ್ಡಿನ ನಾನು, ಪಾಸ್‌ಪೋರ್ಟಿನ ನಾನು, ಡಿಗ್ರಿಯ ನಾನು, ಮೂರು ಜನ ಆಗಿದ್ದೆ! ಎಲ್ಲರೂ ಒಬ್ಬರೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಅನುವಾದ ಮತ್ತೆ ಮಾಡಿಸಿ, ಅದಕ್ಕೆ ಮತ್ತೆ ಸೀಲು ಹಾಕಿಸಬೇಕಾಯಿತು. ಡಿಗ್ರಿಗೆ ಅಪೋಸ್ಟಿಲ್, ಅಂದರೆ ಕಾಗದ ಅಸಲಿ ಅಂತ ಆ ದೇಶದ ಸರ್ಕಾರ ಹಾಕುವ ಮುದ್ರೆ, ಮಾಡಿಸುವುದನ್ನು ಆ ದೇಶ ಬಿಡುವ ಮೊದಲೇ ಮುಗಿಸಿ. ಇಲ್ಲಿಗೆ ಬಂದಮೇಲೆ ಅದಕ್ಕೆ ಬೇರೆಯವರ ಕಾಲು ಹಿಡಿಯಬೇಕು.

ಹಳೇ ಪಾಸ್‌ಪೋರ್ಟನ್ನೂ ಎಸೆಯಬೇಡಿ. ನಮ್ಮದು ಕೋವಿಡ್ ಕಾಲದಲ್ಲಿ ಆನ್‌ಲೈನ್ ಕ್ಲಾಸ್ ಕೇಳಿದ ಬ್ಯಾಚು. ಆ ಪಾಠವನ್ನು ಆಮೇಲೆ ನೇರವಾಗಿ ಕೂತು ಸರಿದೂಗಿಸಿಕೊಂಡಿದ್ದೇವೆ ಅನ್ನುವುದಕ್ಕೆ ಯೂನಿವರ್ಸಿಟಿಯ ಪತ್ರ ಬೇಕಾಯಿತು. ಯಾವಾಗ ಅಲ್ಲಿದ್ದೆ, ಯಾವಾಗ ಇಲ್ಲಿದ್ದೆ ಅನ್ನುವುದಕ್ಕೆ ಪಾಸ್‌ಪೋರ್ಟಿನ ಸ್ಟಾಂಪುಗಳೇ ಸಾಕ್ಷಿ.

ಇನ್ನು ಎಫ್‌ಎಂಜಿಇ. 2002ರಿಂದ ನಡೆಯುತ್ತಿರುವ ಪರೀಕ್ಷೆ, ವರ್ಷಕ್ಕೆ ಎರಡು ಸಲ. 300 ಪ್ರಶ್ನೆ, 150 ಸರಿ ಬಂದರೆ ಪಾಸ್, ತಪ್ಪಿಗೆ ಮಾರ್ಕ್ಸ್ ಕಳೆಯುವುದಿಲ್ಲ. ಕೇಳಲು ಸುಲಭ, ಅಲ್ವಾ? ಆದರೆ ಅನಾಟಮಿಯಿಂದ ಹಿಡಿದು ಹೆರಿಗೆಯವರೆಗೆ ಎಲ್ಲ ವರ್ಷದ ಎಲ್ಲ ವಿಷಯವೂ ಒಂದೇ ದಿನ ಎದುರಿಗೆ ಬಂದು ನಿಲ್ಲುತ್ತವೆ. ಅದರಲ್ಲೂ ಕಮ್ಯುನಿಟಿ ಮೆಡಿಸಿನ್, ಅಂದರೆ ಸಮುದಾಯದ ಆರೋಗ್ಯದ ವಿಷಯಕ್ಕೆ, 30 ಮಾರ್ಕ್ಸ್. ಇದನ್ನು ಹೊರಗೆ ಓದಿದವರು ಹೊಸದಾಗಿಯೇ ಕಲಿಯಬೇಕು, ಯಾಕಂದರೆ ಅಲ್ಲಿನ ಮೇಷ್ಟ್ರು ನಮ್ಮ ಲಸಿಕೆ ಪಟ್ಟಿ, ಕ್ಷಯರೋಗದ ಕಾರ್ಯಕ್ರಮ, ಆಶಾ ಕಾರ್ಯಕರ್ತೆಯ ಕೆಲಸ ಇದನ್ನೆಲ್ಲ ಯಾಕೆ ಹೇಳಿಕೊಡುತ್ತಾರೆ? ನಮ್ಮ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಹೆಸರನ್ನು ನಾನು ಅಲ್ಲಿದ್ದಷ್ಟು ದಿನ ಒಂದು ಕ್ಲಾಸಿನಲ್ಲೂ ಕೇಳಲಿಲ್ಲ. ಫೊರೆನ್ಸಿಕ್ ಕೂಡ ಹಾಗೇ, ಅದರ ಕಾನೂನು ಪೂರ್ತಿ ಇಲ್ಲಿನದು. ಅದಕ್ಕೇ ನಾಲ್ಕನೇ ವರ್ಷದಿಂದಲೇ ರಜೆಗೆ ಬಂದಾಗ ಇಲ್ಲಿನ ಪುಸ್ತಕ ತೆಗೆದುಕೊಂಡು ಹೋಗಿ ಓದಲು ಶುರು ಮಾಡಿದೆ. ನನ್ನನ್ನು ಪಾಸ್ ಮಾಡಿಸಿದ್ದು ಅದೇ.

ಪಾಸಾದ ತಕ್ಷಣ ಬೋರ್ಡು ಹಾಕುವಂತಿಲ್ಲ. ಮೊದಲು ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಿಂದ ಪ್ರೊವಿಷನಲ್ (ತಾತ್ಕಾಲಿಕ) ರಿಜಿಸ್ಟ್ರೇಷನ್, ಆಮೇಲೆ ಹನ್ನೆರಡು ತಿಂಗಳ ಇಂಟರ್ನ್‌ಶಿಪ್, ಅಂದರೆ ಹಳಬರು ಹೌಸ್ ಸರ್ಜೆನ್ಸಿ ಅನ್ನುವುದು. ನಿಜವಾಗಿ ಕೆಲಸ ಕಲಿತದ್ದು ಇಲ್ಲೇ. ಅಲ್ಲಿ ರೋಗಿಯ ಕಥೆಯನ್ನು ಅರ್ಧಂಬರ್ಧ ರಷ್ಯನ್ನಲ್ಲಿ ಕೇಳುತ್ತಿದ್ದೆ. ಇಲ್ಲಿ ಅಜ್ಜಿಯೊಬ್ಬರು "ಎದೆ ಹಿಡ್ಕೊಂಡಂಗಾಯ್ತದೆ ಕಣಪ್ಪ" ಅಂದರೆ ಅದು ಗ್ಯಾಸಾ, ಹಾರ್ಟಾ ಅಂತ ಇನ್ನೇನು ಕೇಳಬೇಕು ಅನ್ನುವುದು ಮೆಲ್ಲಗೆ ಗೊತ್ತಾಯಿತು. ಒಂದೊಂದು ಡಿಪಾರ್ಟ್‌ಮೆಂಟ್ ಮುಗಿದಾಗಲೂ ಅವತ್ತೇ ಲಾಗ್‌ಬುಕ್‌ಗೆ ಸಹಿ ಹಾಕಿಸಿಕೊಳ್ಳಿ, ಆಮೇಲೆ ಮೇಡಂ ರಜೆಯಲ್ಲಿರುತ್ತಾರೆ.

ಇದಾದ ಮೇಲೆ ಪರ್ಮನೆಂಟ್ ರಿಜಿಸ್ಟ್ರೇಷನ್. ಆ ನಂಬರ್ ಬಂದರೇನೇ ಸ್ವಂತವಾಗಿ ಚೀಟಿ ಬರೆಯುವ ಹಕ್ಕು, ಚೀಟಿಯ ಮೇಲೂ ಕ್ಲಿನಿಕ್‌ನಲ್ಲೂ ಅದು ಕಾಣುವಂತಿರಬೇಕು. ರಿಜಿಸ್ಟರ್‌ನಲ್ಲಿ ಹೆಸರಿಲ್ಲದೆ ಪ್ರಾಕ್ಟೀಸ್ ಮಾಡಿದರೆ 2019ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಇನ್ನೊಂದು ವಿಷಯ. ಹಳೇ ಸೋವಿಯತ್ ಕಡೆಯ ಎಷ್ಟೋ ದೇಶಗಳಲ್ಲಿ ಮೊದಲ ಪದವಿಗೇ ಎಂ.ಡಿ. ಅನ್ನುತ್ತಾರೆ. ಅದು ಇಲ್ಲಿನ ಎಂ.ಬಿ.ಬಿ.ಎಸ್‌ಗೆ ಸಮ ಅಷ್ಟೇ. ಸುಮ್ನೆ ಎಂ.ಡಿ. ಅಂತ ಬೋರ್ಡು ಬರೆಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಜನ ಅದನ್ನು ಸ್ಪೆಷಲಿಸ್ಟ್ ಅಂತಲೇ ಓದಿಕೊಳ್ಳುತ್ತಾರೆ.

ಸ್ವಂತ ಕ್ಲಿನಿಕ್ ಇಡುವುದಾದರೆ ಕೆಪಿಎಂಇ, ಅಂದರೆ ಖಾಸಗಿ ಕ್ಲಿನಿಕ್, ಆಸ್ಪತ್ರೆಗಳಿಗಿರುವ ರಾಜ್ಯದ ಕಾಯ್ದೆಯ ರಿಜಿಸ್ಟ್ರೇಷನ್ ಬೇರೆ ಮಾಡಿಸಬೇಕು, ಅದು ಜಿಲ್ಲೆಯಲ್ಲೇ ಆಗುತ್ತದೆ. ಸೂಜಿ, ಹತ್ತಿ ವಿಲೇವಾರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕು.

ಈಗ ಹೋಗುವವರಿಗೆ ನಿಯಮ ನಮಗಿಂತ ಬಿಗಿ. 2021ರ ನವೆಂಬರ್ 18ರಂದು ಬಂದ ನಿಯಮದ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷಿನಲ್ಲೇ ನಡೆಯಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಮಾಡಿ, ಇಲ್ಲಿಗೆ ಬಂದು ಮತ್ತೆ 12 ತಿಂಗಳು ಮಾಡಬೇಕು. ಸೇರಿದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಪದವಿಯಿಂದ ಆ ದೇಶದಲ್ಲೇ, ಅಲ್ಲಿನ ಪ್ರಜೆಗಳಂತೆಯೇ ಪ್ರಾಕ್ಟೀಸ್ ಮಾಡುವ ಲೈಸೆನ್ಸ್ ಸಿಗುವಂತಿರಬೇಕು. ಫೀಸ್ ಕಟ್ಟುವ ಮೊದಲು ಈ ಕೊನೆಯ ಪ್ರಶ್ನೆಯನ್ನು ಏಜೆಂಟರಿಗಲ್ಲ, ನೇರ ಯೂನಿವರ್ಸಿಟಿಗೆ ಮೇಲ್ ಮಾಡಿ ಕೇಳಿ, ಉತ್ತರವನ್ನು ಅವರ ಲೆಟರ್‌ಹೆಡ್ಡಿನಲ್ಲೇ ತರಿಸಿಕೊಳ್ಳಿ.